ಕೋಣೆಗೊಂದು ಬಾಗಿಲು

ಕೂಡಿ ಬಾಳಬೇಕೆಂದು ಭಾಷಣ ಮಾಡುವವರ ಬುತ್ತಿಯನ್ನು ಯಾರೂ ಕದ್ದಿರುವುದಿಲ್ಲ. ನನ್ನದನ್ನು ಐದು ವರ್ಷ ಕದ್ದಿದ್ದಾರೆ. ದೇವದುರ್ಗದಿಂದ ಅವ್ವ ರೊಟ್ಟಿ, ನಂಚಿಕೊಳ್ಳಲು ಖಾರದ ಶೇಂಗಾ ಹಿಂಡಿ ಕಟ್ಟಿ ಬಸ್ಸಿಗೆ ಹಾಕುತ್ತಿದ್ದಳು. ರಾಯಚೂರಿನ ಬಸ್ ನಿಲ್ದಾಣದಲ್ಲಿ ಯಾರ ಕೈಗೆ ಸಿಕ್ಕಿತೋ ಅವನೇ ನಮ್ಮ ಹಾಸ್ಟೆಲಿನ ಅಂಗಳಕ್ಕೆ ತಂದು ಗಂಟು ಬಿಚ್ಚುತ್ತಿದ್ದ. ನಾನು ಕ್ಲಾಸು ಮುಗಿಸಿ ಬರುವಷ್ಟರಲ್ಲಿ ಹಿಂಡಿಯ ವಾಸನೆ ಮಾತ್ರ ಉಳಿದಿರುತ್ತಿತ್ತು. “ಲೇ, ನಿಮ್ಮವ್ವನ ಕೈರುಚಿ ಭಾರಿ ಅದ ಬಿಡೋ” ಎಂಬ ಸರ್ಟಿಫಿಕೇಟು ಬೇರೆ. ನಿವೃತ್ತನಾದರೂ ಆ ಹಿಂಡಿಯ ಸಿಟ್ಟು ಇಳಿದಿರಲಿಲ್ಲ.

ಹೀಗಿರುವಾಗ ಹೆಣ್ಣುಮಕ್ಕಳ ಹೊಸ ಹಾಸ್ಟೆಲಿನ ಕಟ್ಟಡ ಸಮಿತಿಗೆ ನನ್ನನ್ನು ಅನುಭವಸ್ಥನೆಂದು ಸೇರಿಸಿಕೊಂಡರು. ಎಂಜಿನಿಯರು ತಂದ ನಕ್ಷೆಯಲ್ಲಿ ನಡುವೆ ಅಂಗಳ, ಸುತ್ತ ಕಟ್ಟೆ, ಎಲ್ಲ ಬಾಗಿಲೂ ಅದರ ಕಡೆಗೇ. “ಬಟ್ಟಿ ಒಗೀತಾ, ಉಣ್ತಾ ಒಬ್ಬರ ಮುಖ ಒಬ್ಬರು ನೋಡ್ಲಿ ಅಂತರೀ ಸರ” ಎಂದರು.

“ಮುಖ ನೋಡಿದ್ರ ಪಾಸಾಗ್ತಾರೇನ್ರೀ?” ಎಂದೆ. ಎಲ್ಲರೂ ನಕ್ಕರು, ನನ್ನ ಮಾತು ನನಗೇ ಬಹಳ ಹಿಡಿಸಿತು. ಗೋಡೆಗಳು ಮನುಷ್ಯರನ್ನು ಕೂಡಿಸುವುದಿಲ್ಲ ಎಂದೂ ವಾದಿಸಿದೆ. ಅಗಲಿಸುವುದು ಅವಕ್ಕೆಷ್ಟು ಸಲೀಸು ಎಂಬುದು ಆಗ ಹೊಳೆಯಲಿಲ್ಲ. ಅಂಗಳ ಹೋಯಿತು. ಉದ್ದನೆಯ ಕಾರಿಡಾರು, ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಕೋಣೆಗೊಂದು ಬಾಗಿಲು, ಬಾಗಿಲಿಗೊಂದು ಚಿಲಕ ಬಂತು.

ಮಾನ್ವಿಯಲ್ಲಿರುವ ತಂಗಿಯ ಮಗಳು ಸುಜಾತಾಳನ್ನು ನಾನೇ ಅಲ್ಲಿಗೆ ಸೇರಿಸಿದೆ. ಮೊನ್ನೆ ಅವಳು ಜ್ವರ ಬಂದು ಎರಡು ದಿನ ಮಲಗಿದ್ದಳು. ಫೋನು ಚಾರ್ಜಿಗೆ ಹಚ್ಚಲೂ ತ್ರಾಣವಿರಲಿಲ್ಲ. ಊರಿಂದ ಬಂದ ಬುತ್ತಿ ಅವಳ ಹೆಸರು ಹೊತ್ತು ಹಾಸ್ಟೆಲಿನ ಹೆಬ್ಬಾಗಿಲ ಬಳಿಯ ಮೇಜಿನ ಮೇಲೆ ಕೂತೇ ಇತ್ತು, ಪಲ್ಯ ಹಳಸಿತ್ತು. ಹೋಗುವ ಬರುವ ಹುಡುಗಿಯರೆಲ್ಲ ಹೆಸರು ಓದಿದ್ದಾರೆ, ಒಬ್ಬರೂ ಮುಟ್ಟಿಲ್ಲ. ಎಂಥ ಸಭ್ಯ ಮಕ್ಕಳು. ನಮ್ಮ ಕಳ್ಳರಾಗಿದ್ದರೆ ಅರ್ಧ ಗಂಟೆಯಲ್ಲಿ ಗಂಟು ಬಿಚ್ಚಿ, “ಬುತ್ತಿ ಬಂದದ, ಇವ ಎಲ್ಲಿ ಸತ್ತಾನಲೇ?” ಎಂದು ಹುಡುಕಿ ಬರುತ್ತಿದ್ದರು. ಕಡೆಗೆ ತಂಗಿ ಗಾಬರಿಯಿಂದ ಫೋನು ಮಾಡಿದ ಮೇಲೆ ನಾನು ಹೋಗಿ ಅವಳ ಕೋಣೆಯ ಬಾಗಿಲು ಬಡಿದೆ.

“ಇಲ್ಲಿ ಯಾರೂ ಕೆಟ್ಟವರಿಲ್ಲ ಮಾಮಾ. ಯಾರೂ ಇಲ್ಲ, ಅಷ್ಟ. ನಾ ಕಾಲೇಜು ಬಿಡ್ತೀನಿ” ಎಂದಳು. ನಮ್ಮ ಮನೆತನದಲ್ಲಿ ಡಿಗ್ರಿಗೆ ಬಂದ ಮೊದಲ ಹೆಣ್ಣುಮಗಳು ಅವಳು. 

ಆಸ್ಪತ್ರೆಗೆಂದು ಅವಳ ಕೈ ಹಿಡಿದು ಕಾರಿಡಾರು ದಾಟುವಾಗ, ಎರಡೂ ಬದಿಯ ಮುಚ್ಚಿದ ಬಾಗಿಲುಗಳನ್ನು ನೋಡುತ್ತ ಕೇಳಿದಳು: “ಇದನ್ನ ಹಿಂಗ ಕಟ್ಟ್ರಿ ಅಂತ ಯಾರು ಹೇಳಿದ್ರು ಮಾಮಾ?”

“ಯಾರೋ ಎಂಜಿನಿಯರು, ಯವ್ವಾ.”

“ಅವರು ಎಂದೂ ಹಾಸ್ಟೆಲ್‌ನ್ಯಾಗ ಇದ್ದಿಲ್ಲ ಕಾಣ್ತದ.”

“ಇದ್ದಿರಲಿಕ್ಕಿಲ್ಲ ಬಿಡವ್ವಾ” ಎಂದು, ಅವಳ ಚೀಲ ಹೆಗಲಿಗೇರಿಸಿಕೊಂಡೆ.