ಅಕ್ಕನ ದೋಣಿಗೆ ಕಟ್ಟಿದ ಹಗ್ಗ

ನನ್ನ ಅಕ್ಕ ಹುಟ್ಟಿದಂದಿನಿಂದ ನೀರಿನ ಪಕ್ಕದಲ್ಲೇ ಬದುಕಿದವಳು. ಹಳೆಯ ಬಾಗಲಕೋಟೆಯಲ್ಲಿ ನಮ್ಮ ಓಣಿಯ ಗಂಡುಹುಡುಗರು ಘಟಪ್ರಭೆಗೆ ಜಿಗಿದು ಈಜು ಕಲಿತರು. ಅಕ್ಕ ದಂಡೆಯ ಕಲ್ಲಿನ ಮೇಲೆ ಕುಳಿತು ಅವರ ಅಂಗಿಗಳನ್ನು ಒಗೆದಳು. ಮುಂದೆ ಹಿನ್ನೀರು ಬಂದು ಆ ಓಣಿಯನ್ನೇ ನುಂಗಿತು. ಟ್ರ್ಯಾಕ್ಟರಿನಲ್ಲಿ ಸಾಮಾನು ಹೇರಿಕೊಂಡು ನಾವು ನವನಗರಕ್ಕೆ ಬಂದೆವು. ಅಂದಿನಿಂದ ಪ್ರತಿ ಮಳೆಗಾಲವೂ ದೂರ ನಿಂತು ಆ ನೀರನ್ನು ನೋಡುವುದಷ್ಟೇ ಅವಳ ಪಾಲಿಗೆ ಉಳಿಯಿತು. ಹೀಗಿರುವಾಗ ಒಂದು ಸಂಜೆ ಅವಳು ಮೊಬೈಲನ್ನು ನನ್ನ ಮುಂದೆ ಹಿಡಿದು, "ಒಮ್ಮೆ ಹಿಂಗ ನನ್ನ ಕೈಲೆ ದೋಣಿ ನಡಸಬೇಕು ನೋಡವಾ," ಎಂದಾಗ, ಅದು ವಯಸ್ಸಾದ ಮೇಲೆ ಬಂದ ಚಪಲವಲ್ಲ, ಬಾಲ್ಯದಿಂದ ಬಾಕಿ ಉಳಿದ ನ್ಯಾಯ ಎಂದು ನನಗೆ ಅನಿಸಿತು.

ಮೊಬೈಲಿನಲ್ಲಿದ್ದದ್ದು ಹೊನ್ನಾವರದ ಕಡೆಯ ಒಂದು ಅಳಿವೆ. ನದಿ ಸಮುದ್ರವನ್ನು ಸೇರುವಲ್ಲಿ ಸಣ್ಣ ಸಣ್ಣ ದ್ವೀಪಗಳು, ಅವುಗಳ ನಡುವೆ ಅಲ್ಲಿಯವರು ಕಾಂಡ್ಲಾ ಎನ್ನುವ, ಉಪ್ಪುನೀರಲ್ಲೇ ಬೆಳೆಯುವ ಗಿಡಗಳ ಕಾಡು. ಕಾಡಿನೊಳಗಿನ ಕಾಲುವೆಗಳಲ್ಲಿ ಕಯಾಕ್ ಎಂಬ ಸಪೂರ ದೋಣಿಯಲ್ಲಿ ಒಬ್ಬೊಬ್ಬರೇ ಕುಳಿತು ಹುಟ್ಟು ಹಾಕುತ್ತ ಹೋಗುವುದು. ಜೊತೆಗೆ ದಾರಿ ತೋರಿಸಲು ಒಬ್ಬ ಗೈಡ್. "ಈಜು ಬರಬೇಕಿಲ್ಲ, ಹೊಸಬರಿಗೂ ಸುಲಭ," ಎಂದು ಜಾಹೀರಾತು ಹೇಳುತ್ತಿತ್ತು.

ಅಕ್ಕ ಬಾಗಲಕೋಟೆಯ ಪೇಟೆಯಲ್ಲಿ ಟ್ರ್ಯಾಕ್ ಪ್ಯಾಂಟ್ ಕೊಂಡಳು. ಮಾಳಿಗೆಯ ಮೇಲೆ ಮಣೆ ಹಾಕಿಕೊಂಡು, ಬಿದಿರು ಕೋಲು ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಗಾಳಿಯನ್ನು ಸೀಳುವ ಅಭ್ಯಾಸ ಮಾಡಿದಳು. ಅವಳ ಗಂಡ, ನಾವೆಲ್ಲ ಮಾಮಾ ಎನ್ನುವವರು, ಮೆಟ್ಟಿಲ ಮೇಲೆ ನಿಂತು ಕೇಳಿದರು: "ಎಲ್ಲಿ ಮಟಾ ಬಂತು ಹಡಗ? ಮುಂಬೈ ಮುಟ್ಟಿತೇನು?"

"ಇನ್ನೂ ವಿಜಯಪುರ ದಾಟಿಲ್ಲರಿ," ಎಂದಳು ಅಕ್ಕ, ಕೋಲು ನಿಲ್ಲಿಸದೆ.

ಮಾಮಾ ನೀರಾವರಿ ಕಚೇರಿಯೊಂದರಲ್ಲಿ ನೌಕರಿ ಮಾಡಿ ನಿವೃತ್ತರಾದವರು. ನೀರಿನ ಬಗ್ಗೆ ಮಾತು ಬಂದರೆ ಕೊನೆಯ ಮಾತು ಅವರದೇ ಆಗಬೇಕು. ಕೆಟ್ಟವರಲ್ಲ, ಈ ಮಾತನ್ನು ನಾನು ಮೊದಲೇ ಒಪ್ಪಿಕೊಂಡು ಮುಂದುವರಿಯುತ್ತೇನೆ, ಏಕೆಂದರೆ ನನ್ನ ಸಿಟ್ಟು ಕೆಟ್ಟವರ ಮೇಲಿನದಲ್ಲ. ಕೆಟ್ಟವರನ್ನು ಗುರುತಿಸಬಹುದು, ದೂರವಿಡಬಹುದು. ಒಳ್ಳೆಯ ಗಂಡಂದಿರ ಕಾಳಜಿಯನ್ನು ಎಲ್ಲಿಡುವುದು?

ಅಕ್ಕ, ಮಾಮಾ, ನಾನು ಹೊನ್ನಾವರ ಮುಟ್ಟಿದ ಬೆಳಿಗ್ಗೆ ಮರಳಿನ ಮೇಲೆ ಗೈಡ್ ನಮ್ಮ ಮೂವರಿಗೂ ಪಾಠ ಮಾಡಿದ. ಮೀನುಗಾರಿಕೆ ಬಿಟ್ಟು ಈ ಕೆಲಸಕ್ಕೆ ಬಂದ, ನಲವತ್ತರ ಆಸುಪಾಸಿನ ಮನುಷ್ಯ. ಹುಟ್ಟು ಹೇಗೆ ಹಿಡಿಯಬೇಕು, ತಿರುಗಲು ಏನು ಮಾಡಬೇಕು, ಮಗುಚಿದರೆ ಗಾಬರಿಯಾಗದೆ ಲೈಫ್ ಜಾಕೆಟನ್ನು ನಂಬಿ ತೇಲುವುದು ಹೇಗೆ ಎಂದೆಲ್ಲ ಹೇಳಿಕೊಟ್ಟ. ಅಕ್ಕ ದಂಡೆಯಂಚಿನ ಮೊಣಕಾಲುದ್ದ ನೀರಿನಲ್ಲಿ ಒಂದು ಸುತ್ತು ಹೊಡೆದು ಸರಿಯಾಗಿಯೇ ಮರಳಿದಳು. ಮಾಮಾ ಎರಡು ಸಲ ಅಡ್ಡ ತಿರುಗಿದರು. ಆಮೇಲೆ ಅವರು ಗೈಡನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಆತ ಹಳದಿ ಹಗ್ಗವೊಂದನ್ನು ತಂದು, ಅಕ್ಕನ ದೋಣಿಯ ಮೂತಿಯನ್ನು ತನ್ನ ದೋಣಿಯ ಬಾಲಕ್ಕೆ ಕಟ್ಟಿದ.

"ಇದ್ಯಾಕ್ರಿ?" ಎಂದೆ.

"ಸರ್ ಹೇಳಿದ್ರಲ್ಲ ಮೇಡಂ, ಅವ್ರಿಗೆ ಹೆದ್ರಿಕೆ ಅಂತ."

"ಅಕಿಗೆ ಅಂಜಿಕಿ ಐತಿ ಅಂತ ಅಕಿ ಹೇಳ್ಯಾಳೇನು?"

ಮಾಮಾ ನಕ್ಕರು. ನಾನು ಶಾಲೆಯ ಟೀಚರೆಂದು ಅವರ ಬಾಯಲ್ಲಿ ಯಾವಾಗಲೂ ಬಾಯಾರ. "ಬಾಯಾರ, ಇದು ನಿಮ್ಮ ಕ್ಲಾಸಲ್ಲ. ನೀರಿನ ವಿಷಯ ಐತಿ, ಸ್ವಲ್ಪ ಸುಮ್ಮನಿರ್ರಿ."

ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿ ಆಮೇಲೆ ಒಡೆಯಬೇಕೆಂದು ಕಾಲೇಜಿನ ಚರ್ಚಾಕೂಟದಲ್ಲಿ ನನಗೆ ಕಲಿಸಿದ್ದರು. ಹಾಗೆಯೇ ಮಾಡಿದೆ. ಹೊಸಬರಿಗೆ ಅಪಾಯವಿದೆ, ನಿಜ. ಈಜು ಬಾರದವರಿಗೆ ಹೆಚ್ಚಿನ ಅಪಾಯ, ಅದೂ ನಿಜ. ಆದ್ದರಿಂದ ಹಗ್ಗ ಬೇಕು ಎನ್ನೋಣ. ಆದರೆ ಹೊಸಬರು ಮೂವರು. ಮಾಮಾನಿಗೂ ಈಜು ಬಾರದು, ನನಗೂ ಬಾರದು. ಹಾಗಿರುವಾಗ ಹಗ್ಗ ಒಂದೇ ದೋಣಿಗೇಕೆ? ಚರ್ಚಾಕೂಟವಾಗಿದ್ದರೆ ನಾನು ಗೆದ್ದಿರುತ್ತಿದ್ದೆ. ಆ ದಂಡೆಯಲ್ಲಿ ಮಾಮಾ ತಮ್ಮ ಜಾಕೆಟಿನ ಬೆಲ್ಟ್ ಬಿಗಿದುಕೊಳ್ಳುತ್ತಿದ್ದರು. ಗೈಡ್ ಅವರ ಮುಖವನ್ನೇ ನೋಡುತ್ತಿದ್ದ.

ನಾನು ಅಕ್ಕನ ಕಡೆ ತಿರುಗಿದೆ. ಅವಳು ಹಗ್ಗದ ಗಂಟನ್ನು ನೋಡಿ, "ಬಿಡವಾ, ಹೋಗೂಣು," ಎಂದಳು.

ಕಾಂಡ್ಲಾ ಕಾಲುವೆಯೊಳಗೆ ಹೊಕ್ಕ ಮೇಲೆ ಬೇರೆಯೇ ಒಂದು ಲೋಕ. ಬೇರುಗಳು ನೀರಿನಿಂದ ಎದ್ದು ಕಮಾನು ಕಟ್ಟಿಕೊಂಡು ನಿಂತಿದ್ದವು. ನೆರಳಲ್ಲಿ ನೀರು ಹಸಿರಾಗಿ, ಸದ್ದಿಲ್ಲದೆ ಇತ್ತು. ಕೆಸರಿನ ಮೇಲೆ ಕೆಂಪು ಏಡಿಗಳು ನಮ್ಮನ್ನು ಕಂಡು ಬಿಲ ಸೇರುತ್ತಿದ್ದವು. ನಾನು ಇದನ್ನೆಲ್ಲ ಅರ್ಧ ಮನಸ್ಸಿನಿಂದ ನೋಡಿದೆ. ಅಕ್ಕ ಹುಟ್ಟು ಹಾಕಿದರೆ ಅವಳ ದೋಣಿ ಮುನ್ನುಗ್ಗಿ ಹಗ್ಗ ಸಡಿಲವಾಗುತ್ತಿತ್ತು. ಮರುಕ್ಷಣ ಜಗ್ಗಿ ಇಬ್ಬರ ದೋಣಿಯೂ ಓಲಾಡುತ್ತಿತ್ತು. ಕೊನೆಗೆ ಗೈಡ್ ಹಿಂತಿರುಗಿ, "ಅಕ್ಕಾ, ನೀವು ಹಾಕ್ಬೇಡಿ. ಸುಮ್ನೆ ಕೂತ್ಕೊಳ್ಳಿ, ನಾನು ಎಳೀತೇನೆ," ಎಂದ. ಅಕ್ಕ ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. ಹೊಸಬರಿಗೆ ಸುಲಭ ಎಂಬುದರ ಅರ್ಥ ಆಗ ಹೊಳೆಯಿತು: ಗಂಡಸಿಗೆ ಕಲಿಕೆ ಸುಲಭ, ಹೆಂಗಸಿಗೆ ಕಲಿಯದಿರುವುದು ಸುಲಭ. ಹಲ್ಲು ಕಚ್ಚಿಕೊಂಡು ಹುಟ್ಟು ಹಾಕಿದೆ. ಆ ನೀರಿಗೆ ಬಿದ್ದ ಪ್ರತಿ ಏಟೂ ಬೇರೆ ಯಾರಿಗೋ ಬೀಳಬೇಕಾಗಿತ್ತು.

ಕಾಲುವೆ ದಾಟಿ ನಾಲ್ಕಾರು ತೆಂಗಿನ ಮರಗಳ ಒಂದು ದ್ವೀಪಕ್ಕೆ ಇಳಿದೆವು. ಮಾಮಾ ಬುತ್ತಿ ಬಿಚ್ಚಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಎಲ್ಲ ಹರಡಿಕೊಂಡು ಚಕ್ಕಳಬಕ್ಕಳ ಹಾಕಿ ಕುಳಿತರು. ಗೈಡ್ ನೀರಿನ ಕಡೆ ನೋಡುತ್ತ, "ಇಳಿತ ಶುರುವಾಯ್ತು ಸರ್, ಬೇಗ ಹೊರಡ್ಬೇಕು. ಕಾಲುವೆಯಲ್ಲಿ ನೀರು ಉಳಿಯೂದಿಲ್ಲ," ಎಂದ.

"ಏನ್ ಮಾತಾಡ್ತೀರಿ? ಅಷ್ಟು ನೀರು ಒಂದೆರಡು ತಾಸಿನಾಗ ಎಲ್ಲಿ ಹೋಗತೈತಿ? ಜಿಂದಗಿ ನೀರಾಗ ಕಳದೇನಿ. ನೀರು ಇಳೀಬೇಕಂದ್ರ ತಿಂಗಳ ಬೇಕು."

ನಮ್ಮ ನೀರು ಹಾಗೆಯೇ. ಶ್ರಾವಣದಲ್ಲಿ ಏರುತ್ತದೆ, ಬೇಸಿಗೆಗೆ ಇಳಿಯುತ್ತದೆ. ಗೇಟು ತೆರೆದರೆ ಸುದ್ದಿ ಮೊದಲೇ ಬರುತ್ತದೆ. ದಿನಕ್ಕೆರಡು ಸಲ ಬಂದು ಹೋಗುವ ನೀರನ್ನು ಮಾಮಾ ಕಂಡಿರಲಿಲ್ಲ, ಕಂಡವನ ಮಾತನ್ನು ಕೇಳಲಿಲ್ಲ. ನಾನು ಏಳಿರೆಂದು ಒತ್ತಾಯಿಸಿದೆ. ಅವರು ಚಟ್ನಿಗೆ ಮೊಸರು ಕಲಸಿದರು, ತೆಂಗಿನ ನೆರಳಿಗೆ ಒರಗಿದರು.

ಅವರು ಎದ್ದು ನೋಡಿದಾಗ ಕಾಲುವೆ ಇರಲಿಲ್ಲ. ಬೇರುಗಳ ನಡುವೆ ಬರೀ ಕೆಸರು ಹೊಳೆಯುತ್ತಿತ್ತು.

"ಎಂತ ಮಾಡೂದು ಈಗ," ಎಂದ ಗೈಡ್. ಹೊರಗಿನ ದಾರಿಯಲ್ಲಿ ಅಲೆ ಹೆಚ್ಚು, ಹೊಸಬರಿಗಾಗದು. ಒಂದೋ ಭರತ ಬಂದು ನೀರೇರುವವರೆಗೆ ಕಾಯಬೇಕು, ಇಲ್ಲವೇ ಮೋಟಾರು ದೋಣಿ ಕರೆಸಬೇಕು ಎಂದು ವಿವರಿಸಿದ. ಮಾಮಾ ತಕ್ಷಣ ಮೋಟಾರು ದೋಣಿ ಕರೆಸಿದರು. ಅದು ಬಂದು ನಿಂತಾಗ ಹತ್ತಿ ಕುಳಿತು, ಅಕ್ಕನಿಗೆ ಕೈ ಚಾಚಿದರು. "ಬಾ, ಸಾಕಾತು ಈ ಆಟ."

ಅಕ್ಕ ಕದಲಲಿಲ್ಲ. "ನೀವು ಹೋಗ್ರಿ. ನಾ ನೀರು ಬಂದ ಮ್ಯಾಲೆ ಬರ್ತೇನಿ."

"ಹುಚ್ಚು ಹಿಡದೈತೇನು ನಿನಗ?"

"ಹಿಡದೈತ್ರಿ. ಹೋಗ್ರಿ."

ದೋಣಿಯ ಸದ್ದು ದೂರವಾದ ಮೇಲೆ ನಾನು ಎದೆಯಲ್ಲಿದ್ದುದನ್ನೆಲ್ಲ ಸುರಿದೆ. ಬೆಳಿಗ್ಗೆಯೇ ಹೀಗೆ ನಿಲ್ಲಬೇಕಿತ್ತು, ಬಿಡವಾ ಎಂದು ಏಕೆ ಅಂದೆ, ನಿನ್ನಂಥವರ ಮೌನವೇ ಅವರ ಬಲ ಎಂದೆ. ಅಕ್ಕ ಮರಳಿನಲ್ಲಿ ಕಾಲು ಚಾಚಿ ಕುಳಿತು ಕೇಳಿಸಿಕೊಂಡಳು.

"ಮುಗೀತೇನವಾ ಭಾಷಣ? ನೀ ಮಾತಾಡಿ ನಿನ್ನ ಮನಿಗೆ ಹೋಗ್ತಿ. ಅವರ ಕೂಡ ಇರಾಕಿ ನಾನು."

ನನ್ನ ಸಿಟ್ಟು ಇಳಿಯಲಿಲ್ಲ. ಒಂದು ದಿನ ದೋಣಿ ನಡೆಸುವುದಕ್ಕೆ ಹೆಣ್ಣೊಬ್ಬಳು ವರ್ಷವಿಡೀ ನಡೆಯಬಹುದಾದ ಜಗಳದ ಲೆಕ್ಕ ಹಾಕಬೇಕಾದ ಸಂಸಾರವನ್ನು ನಾವು ಸುಖಸಂಸಾರ ಎಂದು ಕರೆಯುತ್ತೇವೆ.

ಬಿಸಿಲು ತಿರುಗಿದ ಮೇಲೆ ನೀರು ಮರಳಿತು. ಮೊದಲು ಕೆಸರಿನ ಗೀರುಗಳಲ್ಲಿ ಎಳೆಯಾಗಿ, ಆಮೇಲೆ ಬೇರುಗಳನ್ನು ಒಂದೊಂದಾಗಿ ಮುಚ್ಚುತ್ತ. ಗೈಡ್ ಖಾಲಿ ಉಳಿದ ಮಾಮಾನ ದೋಣಿಯನ್ನು ತನ್ನದಕ್ಕೆ ಬಿಗಿದು, ಅಕ್ಕನ ಬಳಿ ಬಂದ. "ನಿಮ್ಮದನ್ನೂ ಕಟ್ಬೇಕಾ ಅಕ್ಕಾ?" ಬೆಳಿಗ್ಗೆಯಿಂದ ಅವನು ಅವಳನ್ನೇ ಕೇಳಿದ ಮೊದಲ ಪ್ರಶ್ನೆ ಅದು. ಅದನ್ನು ಕೇಳಲು ಅವಳ ಗಂಡ ಅಲ್ಲಿ ಇಲ್ಲವಾಗಬೇಕಾಯಿತು.

"ಬ್ಯಾಡ್ರಿ," ಎಂದಳು ಅಕ್ಕ.

ಅವಳು ಚೆನ್ನಾಗಿ ನಡೆಸಿದಳೆಂದು ಬರೆದರೆ ಸುಳ್ಳಾಗುತ್ತದೆ. ಬೇರುಗಳಿಗೆ ಢಿಕ್ಕಿ ಹೊಡೆದಳು, ಅಡ್ಡ ತಿರುಗಿ ನನ್ನ ದೋಣಿಗೇ ನುಗ್ಗಿದಳು, ಮೈಯೆಲ್ಲ ತೋಯಿಸಿಕೊಂಡಳು. "ಸರೀ ಲೇ, ದಾರಿ ಬಿಡು!" ಎಂದು ಒಂದು ಕೊಂಬೆಯನ್ನು ಬೈದಳು. ಕಾಲುವೆ ಮುಗಿದು ಅಳಿವೆ ಅಗಲವಾದಾಗ ಅವಳ ದೋಣಿ ನೆಟ್ಟಗೆ ಹೊರಟಿತು. ನಾನು ಹಿಂದೆ ಉಳಿದೆ.

ದಂಡೆಯಲ್ಲಿ ಮಾಮಾ ನಿಂತಿದ್ದರು. ನಮ್ಮನ್ನು ಕಂಡದ್ದೇ ಎರಡೂ ಕೈ ಎತ್ತಿ ಕೂಗತೊಡಗಿದರು: "ಎಡಕ್ಕ! ಎಡಕ್ಕ ಹೊಡಿ! ಏ, ಹಗ್ಗ ಯಾಕ ಕಟ್ಟಿಲ್ಲರಿ ಅಕಿಗೆ?"

ಅಕ್ಕ ಹುಟ್ಟು ನಿಲ್ಲಿಸಿದಳು. ದೋಣಿ ಅಲೆಯ ಮೇಲೆ ಮೆಲ್ಲಗೆ ಏರಿಳಿಯಿತು. ದಂಡೆ ಕೂಗಳತೆಯಲ್ಲಿತ್ತು, ಇನ್ನೊಂದಿಷ್ಟು ಹುಟ್ಟು ಹಾಕಿದರೆ ಮರಳು. ಅವಳು ಹುಟ್ಟನ್ನು ಒಂದೇ ಬದಿಗೆ ಹಾಕಿ ಹಾಕಿ, ದೋಣಿಯನ್ನು ಪೂರ್ತಿ ಸುತ್ತಿಸಿ, ಬೆನ್ನು ದಂಡೆಗೆ ಮಾಡಿದಳು.

"ಇನ್ನೂ ಬೆಳಕೈತಿ. ಇನ್ನೊಂದು ಸುತ್ತ ಹೋಗಿ ಬರ್ತೇನಿ," ಎಂದಳು, ಯಾರಿಗೆಂದು ಹೇಳದೆ.

ಗೈಡ್ ರೂಢಿಯಂತೆ ದಂಡೆಯತ್ತ, ಮಾಮಾನ ಕಡೆಗೆ ತಿರುಗಿದ.

"ಅಲ್ಲೇನ್ ನೋಡ್ತೀರಿ?" ನಾನು ಕಿರುಚಿದೆ. "ಹೊಂಟಾಕಿ ಅಕಿ. ಅಕಿ ಕೂಡ ಹೋಗ್ರಿ!"