ಮಾವನ ದೋಣಿಯ ಬಿರಡೆ

ನಮ್ಮ ಮಾವನ ಬಲಗೈ ಹೆಬ್ಬೆರಳು ಸದಾ ಒಂಚೂರು ಹಸಿರು. ಜೇಬಿಗೆ ಕೈ ಬಿಟ್ಟು ಒಂದು ಹಿತ್ತಾಳೆ ಬಿರಡೆಯನ್ನು ತಿರುವುತ್ತಲೇ ಇರುತ್ತಿದ್ದರು. ಅದರ ಕಿಲುಬು ಎಷ್ಟು ಸೋಪು ಹಾಕಿ ತಿಕ್ಕಿದರೂ ಬೆರಳು ಬಿಡುತ್ತಿರಲಿಲ್ಲ. ಮದುವೆಯಾಗಿ ದೆಹಲಿಯ ಮಯೂರ್ ವಿಹಾರ್‌ಗೆ ಬಂದ ಹೊಸದರಲ್ಲಿ ನಾನು ಅದನ್ನು ಯಾವುದೋ ಚರ್ಮದ ಕಾಯಿಲೆ ಅಂದುಕೊಂಡು, ಊಟ ಬಡಿಸುವಾಗ ಕದ್ದು ಕದ್ದು ನೋಡುತ್ತಿದ್ದೆ. ಆಮೇಲೆ ಅತ್ತೆಯೇ ಹೇಳಿದರು, ಅದು ದೋಣಿಯ ತಳದ ತೂತಿಗೆ ಹಾಕುವ ಬಿರಡೆ ಅಂತ.

ಹೌದು, ದೋಣಿ. ಚಿತ್ರದುರ್ಗದ ಬಂಡೆಗಳ ನಡುವೆ ಬೆಳೆದ ಮನುಷ್ಯ ಕೇಂದ್ರ ಸರ್ಕಾರದ ಕೆಲಸ ಹಿಡಿದು, ಯಮುನೆಯ ಆಳ ಅಳೆಯುತ್ತಾ ಬದುಕು ಕಳೆದಿದ್ದರು. ನಿವೃತ್ತರಾದಾಗ ಕಚೇರಿಯವರು ಹಳೇ ಫೈಬರ್ ದೋಣಿಯನ್ನು ಹರಾಜಿಗಿಟ್ಟರೆ ಇವರೇ ಕೊಂಡು ತಂದು, ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಪಾರ್ಕಿಂಗ್ ಹಿಂದೆ, ಬೇವಿನ ಮರದಡಿ, ಇಟ್ಟಿಗೆ ಪೇರಿಸಿ ಕೂರಿಸಿದರು. ಯಮುನೆ ತಿಳಿಯಾದ ದಿನ ಇಳಿಸುತ್ತಾರಂತೆ. ಹಾಗಾದರೆ ಮುಂದಿನ ಜನ್ಮಕ್ಕೆ ಅನ್ನುತ್ತಿದ್ದರು ಅತ್ತೆ.

ಚಳಿಗಾಲದ ಬೆಳಗ್ಗೆ ನದಿ ಕಡೆಯಿಂದ ಮಂಜು ಬಂದು ಕಾರು, ಗೇಟು, ಆಗಿನ್ನೂ ಏಳುತ್ತಿದ್ದ ಮೆಟ್ರೋ ಕಂಬ ಎಲ್ಲವನ್ನೂ ನುಂಗುತ್ತಿತ್ತು. ಬಾಲ್ಕನಿಯಿಂದ ನೋಡಿದರೆ ಇಟ್ಟಿಗೆ ಕಾಣದು, ನೆಲ ಕಾಣದು. ದೋಣಿಯೊಂದೇ, ಅದರೊಳಗೆ ಮಂಕಿ ಟೋಪಿ ಹಾಕಿಕೊಂಡು ಚಹಾ ಕುಡಿಯುತ್ತಾ ಕೂತ ಮಾವ. ತೇಲುತ್ತಿದ್ದಾರೆ ಅಂತಲೇ ಅನ್ನಿಸುತ್ತಿತ್ತು. ನಾನೂ ಲೋಟ ಹಿಡಿದು ಹೋಗಿ ಎದುರು ಕೂರುತ್ತಿದ್ದೆ. ಅವರು ಮೆಲ್ಲಗೆ, ಈಗ ವಜೀರಾಬಾದ್ ಸೇತುವೆ ದಾಟಿದೆವು, ಎಡಕ್ಕೆ ಕಲ್ಲಂಗಡಿ ಹೊಲ ನೋಡು ಅನ್ನುವರು. ನಾನು ನೋಡುತ್ತಿದ್ದೆ. ಕಾಣುತ್ತಲೂ ಇತ್ತು ಅಂದರೆ ನೀವು ನಗುತ್ತೀರಿ.

ಬೇಸಿಗೆ ಬಂತೆಂದರೆ ಬಿರಡೆಯ ಸೇವೆ. ಹಳೇ ಟೂತ್‌ಬ್ರಷ್ಷಿನಲ್ಲಿ ಅದರ ತಿರುಪಿನ ಕೊಳೆ ತೆಗೆದು, ಗ್ರೀಸ್ ಸವರಿ, ಗಟ್ಟಿಯಾದ ರಬ್ಬರ್ ವಾಷರ್ ಬದಲಿಸುವುದು. ಒಂದು ವರ್ಷ ತಿರುಪೇ ಸವೆದುಹೋಗಿತ್ತು. ಹಳೇ ದೆಹಲಿಯ ಚಾವ್ಡಿ ಬಜಾರ್ ಪೂರ್ತಿ ಅಲೆದು ಹೊಸ ಬಿರಡೆಯನ್ನೂ ತೂತಿನ ಸುತ್ತ ಕೂರುವ ಹಿತ್ತಾಳೆ ಬಳೆಯನ್ನೂ ತಂದರು. ಹಳೆಯದನ್ನು ನನ್ನ ಬೀಗದ ಕೈ ಗೊಂಚಲಿಗೆ ಪೋಣಿಸಿ ಕೊಟ್ಟರು. ಹೊಸದನ್ನಾದರೂ ತೂತಿಗೆ ಹಾಕಿದರೇ? ಅದೂ ಜೇಬಿಗೇ ಹೋಯಿತು. ನೆಲದ ಮೇಲಿರುವ ದೋಣಿಯ ತೂತು ತೆರೆದೇ ಇರಬೇಕು, ಇಲ್ಲದಿದ್ದರೆ ಮಳೆನೀರು ಒಳಗೇ ನಿಂತು ಭಾರಕ್ಕೆ ತಳ ಬಿರಿಯುತ್ತದೆ, ಬಿರಡೆ ಏನಿದ್ದರೂ ನೀರಿಗಿಳಿಸುವ ದಿನಕ್ಕೆ ಎಂದು ವಿವರಿಸಿದರು.

ಅದೇ ಬೇಸಿಗೆಯಲ್ಲಿ ನನ್ನಮ್ಮ ಮೈಸೂರಿನಲ್ಲಿ ತೀರಿಕೊಂಡಳು. ಹೋಗಿ, ಕಾರ್ಯ ಮುಗಿಸಿ ಬಂದು, ಮರುದಿನವೇ ಆಫೀಸಿಗೆ ಹೊರಟೆ. ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಎಂಥ ಗಟ್ಟಿ ಹುಡುಗಿ ಅಂತ ಎಲ್ಲರೂ ಹೊಗಳಿದರು. ಮಾವ ಹೊಗಳಲಿಲ್ಲ. ನನಗೋ ಅನ್ನ ಗಂಟಲಲ್ಲಿ ಇಳಿಯದು, ನಿದ್ದೆ ಹತ್ತದು. ಸೊರಗಿ ಕಡ್ಡಿಯಾದೆ. ಡಾಕ್ಟರು ಕೊಟ್ಟ ಟಾನಿಕ್ಕೂ ನಾಟಲಿಲ್ಲ.

ಮಳೆ ಹಿಡಿಯಿತು. ಸೊಸೈಟಿಗೆ ಹೊಸದಾಗಿ ಬಂದಿದ್ದ ಚೌಕೀದಾರ ಭಯ್ಯಾ, ಪಾಪ, ಸಾಹೇಬರ ದೋಣಿ ತೂತಾಗಿದೆಯೆಂದು ಕನಿಕರಪಟ್ಟು ಚಿಂದಿ ಬಟ್ಟೆಯನ್ನು ಬಿಗಿಯಾಗಿ ತುರುಕಿಬಿಟ್ಟಿದ್ದ. ಮಾವ ಜ್ವರ ಬಂದು ಮಲಗಿದ್ದರು. ಎದ್ದು ಕೆಳಗಿಳಿಯುವಷ್ಟರಲ್ಲಿ ದೋಣಿ ಅಂಚಿನ ತನಕ ತುಂಬಿ ಇಟ್ಟಿಗೆಗಳ ಮೇಲೆ ಕಿರುಗುಟ್ಟುತ್ತಿತ್ತು. ಅವರು ಬೈಯಲಿಲ್ಲ. ನನ್ನನ್ನು ಕರೆದು, "ನಿನ್ನ ಕೈ ಸಣ್ಣದು, ನೀನೇ ತೆಗಿಯಮ್ಮ" ಎಂದರು.

ಮೊಣಕಾಲೂರಿ ಎಳೆದೆ. ಮಳೆ ಬಿಟ್ಟ ಮೇಲಿನ ಬಿಸಿಲಿಗೆ ಕಾದಿದ್ದ ನೀರು ಬೇವಿನೆಲೆಗಳ ಸಮೇತ ನನ್ನ ಕೈಮೇಲೆ, ಮಡಿಲ ಮೇಲೆ ಸುರಿಯಿತು. ಎಣ್ಣೆ ಹಚ್ಚಿ ಅಮ್ಮ ಹೊಯ್ಯುತ್ತಿದ್ದ ನೀರಿನಷ್ಟೇ ಬೆಚ್ಚಗೆ. ಅಮ್ಮಾ ಅಂತ ನನ್ನ ಬಾಯಿಂದ ಹೊರಟದ್ದು ಗೊತ್ತು; ಆಮೇಲೆ ಎಷ್ಟು ಹೊತ್ತು ಅಳುತ್ತಿದ್ದೆನೋ ಗೊತ್ತಿಲ್ಲ. ಮಾವ ಸಮಾಧಾನ ಮಾಡಲಿಲ್ಲ. ಚೌಕೀದಾರನನ್ನು ಅತ್ತ ಕಳಿಸಿ, ತಾವೂ ಬೆನ್ನು ತಿರುಗಿಸಿ ನಿಂತರು. ನೀರೆಲ್ಲ ಹೋದ ಮೇಲೆ ಹೇಳಿದರು: "ಆಫೀಸಿಗೆ ಬೇಕಾದರೆ ಬಿರಡೆ ಹಾಕ್ಕೊಂಡು ಹೋಗಮ್ಮ. ಮನೆಗೆ ಬಂದ ಮೇಲೆ ತೆಗೆದುಬಿಡು." ಅಂದು ನಾನು ಕೇಳಿ ಹಾಕಿಸಿಕೊಂಡು ಊಟ ಮಾಡಿದೆ.

ಮಾವ ಹೋದದ್ದು ಕೆಲವು ವರ್ಷಗಳ ಮೇಲೆ, ಮಂಜಿನ ಕಾಲದಲ್ಲಿ. ಯಮುನೆ ತಿಳಿಯಾಗಲಿಲ್ಲ, ದೋಣಿ ಇಳಿಯಲಿಲ್ಲ. ನನ್ನ ಗಂಡ ದೆಹಲಿಯಲ್ಲೇ ಬೆಳೆದವರು; ತಂದೆ ಕನ್ನಡದಲ್ಲಿ ಕೇಳಿದರೆ ಇವರು ಹಿಂದಿಯಲ್ಲಿ ಉತ್ತರಿಸುವರು, ಕರೆಯುವುದೂ ಪಾಪಾ ಎಂದೇ. ನೆಂಟರ ಟಿಕೆಟ್ಟು, ಟೆಂಟಿನವರು, ಅಡುಗೆಯವರು ಅಂತ ಓಡಾಡಿದರು. ಕಣ್ಣು ಒಣಗಿಯೇ ಇತ್ತು. ಎಂಥ ಗಟ್ಟಿ ಮನುಷ್ಯ ಅಂದರು ಎಲ್ಲ. ನನಗೆ ಭಯ ಶುರುವಾಯಿತು.

ನೆಂಟರು ಹೊರಟ ಮರುದಿನ ಬೆಳಗ್ಗೆ ಗಂಡನ ಕೈಹಿಡಿದು ಕೆಳಗೆ ಕರೆದೊಯ್ದು ದೋಣಿಯಲ್ಲಿ ಕೂರಿಸಿದೆ. ಮಾವನ ಜೇಬಿನಲ್ಲಿದ್ದ ಬಿರಡೆಯನ್ನು ಕೈಗಿಟ್ಟೆ. ಸುತ್ತ ಮಂಜು, ನೆಲ ಕಾಣುತ್ತಿರಲಿಲ್ಲ. ಅದನ್ನು ತಿರುವಿ ನೋಡಿ, "ಇಸೆ ಲಗಾನಾ ಹೈ ಕ್ಯಾ?" ಎಂದರು, ಹಾಕಬೇಕಾ ಅಂತ.

"ಬೇಡ. ಇನ್ನೂ ನೆಲದ ಮೇಲೇ ಇದ್ದೀವಿ" ಅಂದೆ.

ಅವರು ಬಿರಡೆಯನ್ನು ಮುಷ್ಟಿಯಲ್ಲಿ ಹಿಡಿದು ಬಗ್ಗಿದರು. ನಾನು ಬೆನ್ನು ತಿರುಗಿಸಿ ಕೂತೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಕೇಳಿಸಿತು, ಕನ್ನಡದಲ್ಲಿ: "ಅಪ್ಪಾ."