ಹಿಮದ ಮನೆಗೆ ಐದು ಟಿಕೆಟ್ಟು

ಬಾಳೂರಿನ ಕ್ವಾರ್ಟರ್ಸಿನಿಂದ ನಾವು ಹೊರಟಾಗ ಬೆಳಗಿನ ಐದು ಗಂಟೆ. ಬಣಕಲ್ಲಿನ ಮೆಕ್ಯಾನಿಕ್ ಹಮೀದಣ್ಣ ತನ್ನ ವ್ಯಾನನ್ನು ಎಸ್ಟೇಟಿನ ಗೇಟಿನ ಹತ್ತಿರ ತಂದು ನಿಲ್ಲಿಸಿ, ಹಾರ್ನ್ ಹೊಡೆಯದೆ ಕಾಯುತ್ತಿದ್ದ. ಹೊಡೆದರೆ ಬಂಗಲೆಯ ನಾಯಿಗಳು ಲೈನ್ ಮನೆಗಳ ಆಳುಗಳನ್ನೆಲ್ಲ ಎಬ್ಬಿಸುತ್ತವೆ ಎಂದು ಅವನಿಗೆ ಗೊತ್ತು. ಹತ್ತಿದವರು ನಾಲ್ವರು: ನಾನು, ನನ್ನ ಹೆಂಡತಿ ಸುಮಿತ್ರಾ, ಏಳನೇ ಕ್ಲಾಸು ಮುಗಿಸಿದ ಮಗಳು ಶ್ರಾವ್ಯ, ಎಪ್ಪತ್ತೆರಡು ವರ್ಷದ ನನ್ನ ಅವ್ವ. ಮೈಸೂರಿನ ಕಡೆ ಇರುವ ಒಂದು ಥೀಮ್ ಪಾರ್ಕಿಗೆ ಹೋಗಿ, ಲಾಡ್ಜಿನಲ್ಲಿ ಉಳಿದು, ಮರುದಿನ ವಾಪಸ್ ಬರುವುದೆಂದು ಮಾತಾಗಿತ್ತು. ದಾರಿ ಇನ್ನೂರ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ.

ನಾನು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ತುಂಬಿದ ಲಾರಿ, ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸಿಗೆ ಹೊರಟಾಗ ಗೇಟ್ ಪಾಸ್ ಬರೆದುಕೊಡುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಲ್ಲಿ ಒಂದು ಚೀಟಿಯನ್ನೂ ಕಳೆದವನಲ್ಲ. ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ, ಜಂಬಕ್ಕೇ ಹೇಳುತ್ತಿದ್ದೇನೆ. ಮನೆಯವರೆಲ್ಲರ ಕಾಗದಪತ್ರವೂ ನನ್ನ ಕಬ್ಬಿಣದ ಟ್ರಂಕಿನಲ್ಲಿ ಭದ್ರ. ಮಗಳ ಮಾರ್ಕ್ಸ್ ಕಾರ್ಡು, ಅವ್ವನ ವೋಟಿನ ಕಾರ್ಡು, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲ ಅಲ್ಲೇ. ಜೂನ್ ಬಂತೆಂದರೆ ನಮ್ಮಲ್ಲಿ ಗೋಡೆಯೂ ಬೆವರುತ್ತದೆ, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಆಗ ಹಾಜರಿ ಪುಸ್ತಕದಿಂದ ಹಿಡಿದು ಮಗಳ ಹೋಂವರ್ಕಿನವರೆಗೆ ಒದ್ದೆಯಾದದ್ದನ್ನೆಲ್ಲ ಬಚ್ಚಲಿನ ಹಂಡೆಯ ಮುಚ್ಚಳದ ಮೇಲೆ ಹರಡುತ್ತೇವೆ. ಹಂಡೆಯ ಕೆಳಗೆ ಮಳೆಗಾಲ ಪೂರ್ತಿ ಬೆಂಕಿ ಆರುವುದಿಲ್ಲ, ಕಾಗದ ಹಪ್ಪಳದ ಹಾಗೆ ಒಣಗುತ್ತದೆ. ಇದು ನನ್ನ ಅಪ್ಪ ಕಲಿಸಿದ ವಿದ್ಯೆ, ಯಾವತ್ತೂ ಕೈಕೊಟ್ಟಿರಲಿಲ್ಲ.

ಮಗಳ ಹಟಕ್ಕೆ ಹೊರಟದ್ದು ಎಂದು ಎಲ್ಲರಿಗೂ ಹೇಳಿದ್ದೆವು. ನಿಜವಾಗಿ ನಮ್ಮನ್ನು ಹೊರಡಿಸಿದವಳು ಅವ್ವ. ಶ್ರಾವ್ಯ ಫೋನಿನಲ್ಲಿ ತೋರಿಸಿದ ವಿಡಿಯೋದಲ್ಲಿ ಆ ಪಾರ್ಕಿನ ಹಿಮದ ಮನೆ ಇತ್ತು. ಒಳಗೆ ಯಂತ್ರದಿಂದ ಹಿಮ ಉದುರಿಸುತ್ತಾರೆ. ಅವ್ವ ಅದನ್ನು ಮೂರು ಸಲ ಹಾಕಿಸಿಕೊಂಡು ನೋಡಿದಳು. ಕಾರಣ ನನಗೆ ಗೊತ್ತಿತ್ತು. ನಮಗೆ ಎರಡೆಕರೆ ತೋಟ ಇದೆ. ನಾನು ಪಿಯುಸಿ ಮುಗಿಸಿದ ವರ್ಷ ಕಾಫಿ ಹೂವಾದ ಮರುದಿನವೇ ಆಲಿಕಲ್ಲು ಬಿದ್ದು, ಅರ್ಧ ಗಂಟೆಯಲ್ಲಿ ಹೂವೆಲ್ಲ ನೆಲ ಕಚ್ಚಿತು. ನನ್ನ ಮುಂದಿನ ಓದಿನ ಮಾತು ಅಲ್ಲಿಗೆ ನಿಂತಿತು. ನಾನು ರೈಟರ್ ಆದದ್ದು ಹಾಗೆ. ಅಂಗಳದಲ್ಲಿ ಬಿದ್ದ ಆಲಿಕಲ್ಲನ್ನು ಅವ್ವ ಮೊರದಲ್ಲಿ ತುಂಬಿ ತುಂಬಿ ಬೇಲಿಯಾಚೆ ಎಸೆಯುತ್ತಿದ್ದಳು. ಈಗಲೂ ಏಪ್ರಿಲ್‌ನಲ್ಲಿ ಗುಡುಗಿದರೆ ಊಟದ ಮಧ್ಯೆ ಎದ್ದು ಬಾಗಿಲಿಗೆ ಬರುತ್ತಾಳೆ.

"ಯಾರ ಹೂವನ್ನೂ ಉದುರಿಸ್ದೆ ಬೀಳೋದು ಹೆಂಗಿರ್ತದೆ ಅಂತ ಒಂದ್ಸಲ ನೋಡ್ಬೇಕು ಕಣೋ" ಅಂದಳು. ತನಗೆ ಬೇಕು ಎಂದು ಅವಳು ನನ್ನ ಬಳಿ ಏನನ್ನಾದರೂ ಕೇಳಿದ್ದು ನೆನಪಿಲ್ಲ. ಕಾಳುಮೆಣಸಿನ ಕುಯ್ಲು ಮುಗಿದ ವಾರವೇ ಎಸ್ಟೇಟಿನ ಸಾಹುಕಾರರ ಹತ್ತಿರ ಎರಡು ದಿನ ರಜೆ ಕೇಳಿದೆ.

ಕೊಟ್ಟಿಗೆಹಾರದವರೆಗೆ ಮಂಜು. ವ್ಯಾನಿನ ದೀಪದ ಮುಂದೆ ರಸ್ತೆ ನಾಲ್ಕು ಮಾರು ಕಾಣುತ್ತಿತ್ತು, ಅಷ್ಟೇ. ಬಣಕಲ್ಲಿನಲ್ಲಿ ಹಮೀದಣ್ಣನ ಮನೆಯವರು ಗೇಟಿನ ಹತ್ತಿರ ನಿಂತು ಒಂದು ಡಬ್ಬಿ ಕೊಟ್ಟರು, ಬಿಸಿ ಬಿಸಿ ಅಕ್ಕಿ ರೊಟ್ಟಿ. ಮೂಡಿಗೆರೆ ದಾಟುವಾಗ ಬೆಳಕಾಯಿತು. ಬೇಲೂರು ಬರುವ ಹೊತ್ತಿಗೆ ಡಬ್ಬಿ ಖಾಲಿ. ಆದರೂ ಹಾಸನದಲ್ಲಿ ಎಂಟು ಗಂಟೆಗೆ ಮತ್ತೆ ತಿಂಡಿಗೆ ಇಳಿದೆವು, ಏಕೆಂದರೆ ಪ್ರಯಾಣದಲ್ಲಿ ಹೋಟೆಲಿನ ದೋಸೆ ತಿನ್ನದಿದ್ದರೆ ಅದು ಪ್ರಯಾಣವೇ ಅಲ್ಲ ಎಂದು ಸುಮಿತ್ರಾಳ ಸಿದ್ಧಾಂತ. ಬಿಲ್ಲನ್ನು ಅವ್ವ ಇಸಿದುಕೊಂಡು ಕಣ್ಣ ಹತ್ತಿರ ಹಿಡಿದು ಓದಿದಳು. ನಾಲ್ಕನೇ ಕ್ಲಾಸು ಓದಿದವಳು, ಕೈಗೆ ಸಿಕ್ಕ ಕಾಗದವನ್ನು ಓದದೆ ಬಿಡುವವಳಲ್ಲ. ಓದಿ, ನಾಲ್ಕಾಗಿ ಮಡಚಿ ಎಲೆಅಡಿಕೆಯ ಚೀಲದಲ್ಲಿ ಇಟ್ಟುಕೊಂಡಳು.

ಹೊಳೆನರಸೀಪುರ ದಾಟಿದ ಮೇಲೆ ಬಿಸಿಲು. ನಮ್ಮ ಸ್ವೆಟರುಗಳು ಒಂದೊಂದಾಗಿ ಸೀಟಿನ ಕೆಳಗೆ ಹೋದವು. ಪಾರ್ಕಿನ ಬಾಗಿಲಿಗೆ ಬಂದಾಗ ಹನ್ನೊಂದು. ತಲೆಗೆ ಒಂಬೈನೂರು, ಹಿರಿಯರಿಗೆ ಸ್ವಲ್ಪ ಕಡಿಮೆ. ಹಮೀದಣ್ಣನಿಗೂ ಸೇರಿಸಿ ಐದು ಟಿಕೆಟ್ ತೆಗೆಸಿದೆ. ಕೌಂಟರಿನವನು ಮೊಬೈಲ್ ನಂಬರ್ ಕೇಳಿದ. ಹಾಗೆಲ್ಲ ಸಿಕ್ಕಸಿಕ್ಕಲ್ಲಿ ನಂಬರ್ ಕೊಡುವವನಲ್ಲ ನಾನು, ಇಲ್ಲ ಎಂದೆ. ಟಿಕೆಟ್ಟು ಹೋಟೆಲ್ ಬಿಲ್ಲಿನಂಥದೇ ನುಣುಪು ಕಾಗದ, ಮೇಲೆ ಒಂದು ಕಪ್ಪು ಚೌಕದ ಗುರುತು. ಬಾಗಿಲಿನಲ್ಲಿ ಅದಕ್ಕೆ ಯಂತ್ರ ಹಿಡಿದು ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಉಳಿದ ಆಟಗಳಿಗೆ ಮತ್ತೆ ಟಿಕೆಟ್ ಕೇಳುವುದಿಲ್ಲ, ಹಿಮದ ಮನೆಗೆ ಮಾತ್ರ ತೋರಿಸಬೇಕು, ಒಬ್ಬರಿಗೆ ಒಂದೇ ಸಲ ಎಂದು ಹೇಳಿದರು. ಬೇರೆ ಹೊತ್ತಿನವೆಲ್ಲ ತುಂಬಿಹೋಗಿ ನಮಗೆ ಸಿಕ್ಕಿದ್ದು ನಾಲ್ಕೂವರೆಯದು, ದಿನದ ಕೊನೆಯದು.

ಒಳಗೆ ಕಾಲಿಟ್ಟ ಕೂಡಲೇ ಎಲ್ಲರ ಟಿಕೆಟ್ಟನ್ನೂ ನನ್ನ ಕೈಗೆ ಕೊಡಿ ಎಂದೆ. ಅವ್ವ ಮಾತ್ರ ತನ್ನದು ತನ್ನ ಚೀಲದಲ್ಲೇ ಇರಲಿ ಎಂದಳು. ನಾನು ಅಲ್ಲೇ ನಿಂತು ಒಂದು ಭಾಷಣ ಮಾಡಿದೆ: ಈ ಜನಜಂಗುಳಿ, ಈ ಚೀಲ, ಅದರೊಳಗೆ ಸುಣ್ಣದ ಡಬ್ಬಿ, ಕಳೆದರೆ ಹಿಮವೂ ಇಲ್ಲ ಗಿಮವೂ ಇಲ್ಲ. ಅವ್ವ ಎಲ್ಲ ಕೇಳಿಸಿಕೊಂಡಳು. ಆಮೇಲೆ ಚೀಲಕ್ಕೆ ಕೈಹಾಕಿ ಮಡಚಿದ ಕಾಗದ ತೆಗೆದುಕೊಟ್ಟಳು. ಒಂದು, ಎರಡು, ಮೂರು, ನಾಲ್ಕು, ಐದು ಎಂದು ಎಣಿಸಿ, ಮನೆಯಿಂದಲೇ ತೊಳೆದು ಒಣಗಿಸಿ ತಂದಿದ್ದ ಹಾಲಿನ ಕವರಿಗೆ ಹಾಕಿ, ಬಾಯಿ ಸುತ್ತಿ, ರಬ್ಬರ್ ಬ್ಯಾಂಡ್ ಬಿಗಿದು, ಅಂಗಿಯ ಜೇಬಿಗೆ ಇಳಿಸಿ ಗುಂಡಿ ಹಾಕಿದೆ.

ಮಧ್ಯಾಹ್ನದವರೆಗೆ ಒಳ್ಳೆಯ ಸಂಭ್ರಮ. ಅವ್ವ ಜೈಂಟ್ ವೀಲಿನಲ್ಲಿ ಎರಡು ಸಲ ಕೂತಳು, ಮೇಲೆ ಹೋದಾಗ ಚಾಮುಂಡಿ ಬೆಟ್ಟ ಯಾವ ದಿಕ್ಕಿಗೆ ಎಂದು ಪಕ್ಕದವರನ್ನು ಕೇಳಿದಳಂತೆ. ಹಮೀದಣ್ಣ ಯಾವುದನ್ನೂ ಹತ್ತಲಿಲ್ಲ. "ವ್ಯಾನಿನ ಬೋಲ್ಟು ನಾನೇ ಟೈಟ್ ಮಾಡಿದ್ದು ರೈಟ್ರೇ. ಇದರ ಬೋಲ್ಟು ಯಾರು ಟೈಟ್ ಮಾಡಿದ್ರೋ ಏನೋ" ಅಂದ. ಊಟಕ್ಕೆ ಬಿಸಿಬೇಳೆಬಾತ್, ಮೊಸರನ್ನ. ಬಾತಿಗೆ ಸಿಹಿ ಹೆಚ್ಚಾಗಿತ್ತು, ಮೊಸರನ್ನ ಚೆನ್ನಾಗಿತ್ತು.

ಮೂರು ಗಂಟೆಗೆ ಶ್ರಾವ್ಯ ನನ್ನನ್ನು ದೋಣಿ ಆಟಕ್ಕೆ ಎಳೆದಳು. ಎತ್ತರದಿಂದ ದೋಣಿ ಜಾರಿ ನೀರಿಗೆ ಬೀಳುತ್ತದೆ. ಸಾಲಿನಲ್ಲಿ ನಿಂತು ನಮ್ಮ ಸರದಿ ಬರುವಷ್ಟರಲ್ಲಿ ನಾಲ್ಕಾಯಿತು. ಜೇಬಿನದನ್ನೆಲ್ಲ ಲಾಕರಿನಲ್ಲಿಟ್ಟು ಬನ್ನಿ ಎಂದು ಅಲ್ಲಿಯವರು ಹೇಳಿದರು. ಕಂಡವರ ಬೀಗ ನಂಬಿ ಟಿಕೆಟ್ ಇಡುವುದೇ? ಕವರ್ ಇದೆ, ರಬ್ಬರ್ ಇದೆ, ಗುಂಡಿ ಇದೆ. ನೆಮ್ಮದಿಯಾಗಿ ಕೂತೆ. ದೋಣಿ ಬಿದ್ದ ರಭಸಕ್ಕೆ ಎದೆಯ ಮೇಲೆ ಒಂದು ಕೊಡ ನೀರು ಬಂತು. ಇಳಿದು ಕವರ್ ತೆಗೆದು ನೋಡಿದರೆ ಒಳಗೂ ನೀರು. ಹಾಲು ಸುರಿಯಲು ಕತ್ತರಿಸಿದ ಮೂಲೆಯನ್ನು ನಾನು ಸುತ್ತಿದ್ದೆನೇ ಹೊರತು ಸರಿಯಾಗಿ ಮುಚ್ಚಿರಲಿಲ್ಲ. ಟಿಕೆಟ್ಟುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಕ್ಷರಗಳು ಮಾತ್ರ ಚೆನ್ನಾಗಿ ಕಾಣುತ್ತಿದ್ದವು.

ಆಗಲೂ ನನಗೆ ಗಾಬರಿಯಾಗಲಿಲ್ಲ. ನಮ್ಮ ಮಳೆಗೆ ಹೋಲಿಸಿದರೆ ಇದು ಯಾವ ಲೆಕ್ಕ? ಎದುರಿಗೆ ಒಂದು ಟೀ ಅಂಗಡಿ, ಅಲ್ಲಿ ಹಂಡೆಯಂಥದೇ ದೊಡ್ಡ ಸ್ಟೀಲ್ ಬಾಯ್ಲರ್. ಅಂಗಡಿಯವನು ಹಿಂದೆ ಲೋಟ ತೊಳೆಯುತ್ತಿದ್ದ. ಸ್ವಲ್ಪ ಜಾಗ ಕೊಡಿ ಎಂದು ಕೂಗಿ ಹೇಳಿ, ಅವನು ತಿರುಗುವುದರೊಳಗೆ ಅಂಟಿದ್ದ ಮುದ್ದೆಯನ್ನು ಹಾಗೇ ಮುಚ್ಚಳದ ಮೇಲೆ ಇಟ್ಟು ಅಂಗೈಯಿಂದ ಒತ್ತಿದೆ. ಕಾಗದ ಬೂದಿ ಬಣ್ಣಕ್ಕೆ ತಿರುಗಿತು. ನೀರು ಆರುತ್ತಿದೆ ಅಂದುಕೊಂಡೆ. ನೋಡುತ್ತಿದ್ದಂತೆ ಕಾವಲಿಯ ತಳದ ಹಾಗೆ ಕಪ್ಪಾಯಿತು. ತೆಗೆದು ಬಿಡಿಸಿದರೆ ಐದಕ್ಕೆ ಐದೂ ಕಪ್ಪು.

"ಅಯ್ಯೋ ಅಣ್ಣ, ಅದಕ್ಕೆ ಬಿಸಿ ತಾಗಿಸ್ಬಾರ್ದು. ಆ ಪೇಪರ್‌ಗೆ ಇಂಕೇ ಇಲ್ಲ, ಬಿಸಿಯಿಂದ್ಲೇ ಪ್ರಿಂಟ್ ಮಾಡೋದು" ಎಂದು ಅಂಗಡಿಯವನು ಮೆಲ್ಲಗೆ ಹೇಳಿದ. ಇಪ್ಪತ್ತಾರು ವರ್ಷ ಕಾಗದದ ಜೊತೆ ಬದುಕಿದವನಿಗೆ ಅದೊಂದು ಗೊತ್ತಿರಲಿಲ್ಲ.

ಹಿಮದ ಮನೆಯ ಬಾಗಿಲಲ್ಲಿ ಯಂತ್ರ ಹಿಡಿದು ನಿಂತಿದ್ದ ಹೆಣ್ಣುಮಗಳು ಒಳ್ಳೆಯವಳು. ಐದು ಕಪ್ಪು ಕಾಗದಕ್ಕೂ ಒಂದೊಂದಾಗಿ ಯಂತ್ರ ಹಿಡಿದು ನೋಡಿದಳು, ಗುರುತು ಸಿಗಲಿಲ್ಲ. ಆಫೀಸಿನಲ್ಲಿ ಕೇಳಿ, ಬೇಗ ಬನ್ನಿ, ಹತ್ತು ನಿಮಿಷದಲ್ಲಿ ಬಾಗಿಲು ಹಾಕುತ್ತೇವೆ ಎಂದಳು. ಹಮೀದಣ್ಣ ಓಡಿ ಹೋಗಿ ಬೆವರು ಒರೆಸುತ್ತ ಬಂದ. ಮೊಬೈಲ್ ನಂಬರ್ ಕೊಟ್ಟಿದ್ದರೆ ಒಂದು ನಿಮಿಷದಲ್ಲಿ ಹೊಸದು ತೆಗೆದುಕೊಡುತ್ತಿದ್ದರಂತೆ. ಹೊಸ ಟಿಕೆಟ್ ಕೊಳ್ಳೋಣವೆಂದರೆ ಆ ಆಟಕ್ಕೆ ಜಾಗ ಉಳಿದಿರಲಿಲ್ಲ. ಅವ್ವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಆಯುಷ್ಯದಲ್ಲಿ ಒಂದೇ ಒಂದು ಕೇಳಿದ್ದಳು, ಅದನ್ನೂ ನಾನೇ ಸುಟ್ಟೆ ಅನಿಸಿತು.

ಅವ್ವ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಚೀಲದ ದಾರ ಸಡಿಲಿಸಿದಳು. ಬೇಜಾರಿಗೆ ಎಲೆ ಹಾಕಿಕೊಳ್ಳುತ್ತಾಳೆ ಅಂದುಕೊಂಡೆ. ವೀಳ್ಯದೆಲೆಗಳ ನಡುವಿನಿಂದ ಅವಳು ಒಂದು ಬಿಳಿ ಟಿಕೆಟ್ ತೆಗೆದಳು. ಒಂದು ಸುಕ್ಕೂ ಇಲ್ಲ.

ನಾನು ಐದೂ ಎಣಿಸಿಯೇ ಇಟ್ಟುಕೊಂಡಿದ್ದೆ ಎಂದೆ.

"ನೀನ್ ಎಣಿಸಿದ್ದು ಹೌದು ಮಾರಾಯ, ಓದ್ಲಿಲ್ಲ" ಅಂದಳು ಅವ್ವ. "ನಾನ್ ಕೊಟ್ಟಿದ್ದು ಹಾಸನದ ಹೋಟೆಲ್ ಬಿಲ್ಲು."

ಹಮೀದಣ್ಣ ನಗು ತಡೆಯಲಾರದೆ ಆಚೆ ತಿರುಗಿದ. ಶ್ರಾವ್ಯ ಮಾತ್ರ ಆ ಟಿಕೆಟ್ಟನ್ನೇ ನೋಡುತ್ತಿದ್ದಳು, ಅವಳ ಕಣ್ಣು ತುಂಬಿತ್ತು. ನನಗೆ ಮುಂದೇನಾಗುತ್ತದೆಂದು ಗೊತ್ತಿತ್ತು. ಮಾವಿನಹಣ್ಣಿನ ಕೆನ್ನೆಯಿಂದ ಹಿಡಿದು ಬಸ್ಸಿನ ಕಿಟಕಿ ಸೀಟಿನವರೆಗೆ ಅವ್ವ ಯಾವತ್ತೂ ಮಾಡಿದ್ದು ಅದನ್ನೇ, ಚಿಕ್ಕವರಿಗೆ ಬಿಟ್ಟುಕೊಡುವುದು. ಸುಮಿತ್ರಾಳಿಗೂ ಹಾಗೇ ಅನಿಸಿರಬೇಕು, ಮಗಳನ್ನು ಹಿಂದಕ್ಕೆ ಎಳೆದುಕೊಂಡಳು. ಅವ್ವ ಮೊಮ್ಮಗಳ ಕೆನ್ನೆ ಸವರಿದಳು.

"ನಿಂಗೆ ಇನ್ನೂ ಬೇಕಾದಷ್ಟು ವರ್ಷ ಇದೆ ಕಣೇ, ಇನ್ನೊಂದ್ಸಲ ಬರ್ಬಹುದು. ಇವತ್ತು ನಾನ್ ಹೋಗ್ತೀನಿ."

ನೀನೊಬ್ಬಳೇ ಹೇಗೆ, ಜಾರಿದರೆ, ಚಳಿ ತಡೆಯದಿದ್ದರೆ ಎಂದು ನಾನು ಶುರುಮಾಡಿದೆ. ಅವ್ವ ಚೀಲವನ್ನು ನನ್ನ ಕೈಗೆ ಕೊಟ್ಟು, ಕಳೆಯಬೇಡ ಎಂದಷ್ಟೇ ಹೇಳಿ ನಡೆದಳು. ಬಾಗಿಲಲ್ಲಿ ಅವಳಿಗೆ ದಪ್ಪ ಕೋಟು, ಬೂಟು, ಕೈಗವಸು ಹಾಕಿದರು. ಸೀರೆಯ ನೆರಿಗೆ ಎತ್ತಿ ಬೂಟಿನೊಳಗೆ ಸಿಕ್ಕಿಸಿಕೊಂಡು, ಒಮ್ಮೆಯೂ ತಿರುಗಿ ನೋಡದೆ ಒಳಗೆ ಹೋದಳು.

ಇಪ್ಪತ್ತೈದು ನಿಮಿಷ ನಾವು ನಾಲ್ವರೂ ಕಟ್ಟೆಯ ಮೇಲೆ ಕೂತೆವು. ನನ್ನ ಮಡಿಲಲ್ಲಿ ಎಲೆಅಡಿಕೆ ಚೀಲ. ಮೈಸೂರಿನ ಆ ಬಿಸಿಲಲ್ಲಿ ನನ್ನ ಅಂಗಿ ಆಗಲೇ ಒಣಗಿತ್ತು. ಟಿಕೆಟ್ಟನ್ನೂ ಹೀಗೇ ಬಿಸಿಲಿಗೆ ಹಿಡಿದು ಕೂತಿದ್ದರೆ ಸಾಕಿತ್ತು ಎಂದು ಆಗ ಹೊಳೆಯಿತು. ಅವ್ವ ಇಷ್ಟು ಹೊತ್ತು ನಮ್ಮಲ್ಲಿ ಯಾರೂ ಇಲ್ಲದ ಜಾಗದಲ್ಲಿ ಇದ್ದದ್ದನ್ನು ನಾನು ಕಂಡೇ ಇರಲಿಲ್ಲ.

ಬಾಗಿಲು ತೆರೆದಾಗ ಅವ್ವ ಯಾರದೋ ಮಗುವಿನ ಕೈಹಿಡಿದುಕೊಂಡು ಬಂದಳು. ಒಳಗೆ ಅದು ಹೆದರಿತ್ತಂತೆ, ಅದರ ತಾಯಿಯ ಕೈಯಲ್ಲಿ ಇನ್ನೊಂದು ಕೂಸು ಇತ್ತಂತೆ. ಮಗುವನ್ನು ಒಪ್ಪಿಸಿ ಬಂದು ನಮ್ಮ ಪಕ್ಕ ಕೂತಳು. ಮೂಗಿನ ತುದಿ ಕೆಂಪಾಗಿತ್ತು. ಹೇಗಿತ್ತು ಎಂದು ಶ್ರಾವ್ಯ ಕೇಳಿದಳು. ಅವ್ವ ತನ್ನ ಅಂಗೈ ಬಿಡಿಸಿ ನೋಡಿಕೊಂಡಳು.

"ಬೀಳೋವಾಗ ಸದ್ದೇ ಇಲ್ಲ ಕಣೇ. ಕೈ ಮೇಲೆ ಬಿದ್ರೂ ಗೊತ್ತಾಗಲ್ಲ. ನಿಮ್ಮಜ್ಜ ನೋಡ್ಬೇಕಿತ್ತು."

ನಾನು ಅತ್ತೆ. ಬೇರೆ ಕಡೆ ನೋಡಿ ಅತ್ತೆ, ಆದರೆ ಅತ್ತದ್ದು ಹೌದು.

ಮರುದಿನ ಬೆಳಿಗ್ಗೆ ಲಾಡ್ಜಿನಿಂದ ಹೊರಟು, ಹಾಸನದಲ್ಲಿ ಅದೇ ಹೋಟೆಲಿನಲ್ಲಿ ತಿಂಡಿ ತಿಂದೆವು. ಬಿಲ್ಲು ಬಂದಾಗ ಹಮೀದಣ್ಣ ಅದನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟು, ಜೋಪಾನ ರೈಟ್ರೇ, ಹಿಮದ ಮನೆಗೆ ಬೇಕಾಗುತ್ತದೆ ಎಂದ. ಮೂಡಿಗೆರೆಯವರೆಗೂ ಇದೇ ನಡೆಯಿತು. ಬಣಕಲ್ಲಿನಲ್ಲಿ ಸಣ್ಣಗೆ ಮಳೆ ಹನಿಯುತ್ತಿತ್ತು. ಅವ್ವ ಕಿಟಕಿಯಿಂದ ಕೈ ಹೊರಗೆ ಚಾಚಿ ನೋಡಿ, ಬರೀ ನೀರು ಎಂದು ಒಳಗೆಳೆದುಕೊಂಡಳು.

ಬಾಳೂರಿನಲ್ಲಿ ಇಳಿದು, ಸಾಮಾನು ಒಳಗಿಟ್ಟು, ಕಾಫಿ ಕುಡಿದಾದ ಮೇಲೆ ಅವ್ವ ನನ್ನನ್ನು ಕರೆದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ.

"ಟ್ರಂಕಲ್ಲಿರೋ ನನ್ ಕಾರ್ಡು, ಪಾಸ್‌ಬುಕ್ಕು ಎಲ್ಲ ತಂದ್ಕೊಡೋ. ಇನ್ಮೇಲೆ ನಾನೇ ಇಟ್ಕೊಳ್ತೀನಿ."

ನನ್ನ ಬಾಯಿಗೆ ಹಳೆಯ ಭಾಷಣವೇ ಬಂತು, ನುಂಗಿಕೊಂಡೆ. ಟ್ರಂಕಿನ ಬೀಗ ತೆಗೆದು ಅವಳದೆಲ್ಲವನ್ನೂ ತಂದು, ಒಂದು, ಎರಡು, ಮೂರು ಎಂದು ಎಣಿಸಿ ಅವಳ ಕೈಗೆ ಕೊಟ್ಟೆ. ಅವ್ವ ಕನ್ನಡಕ ಹಾಕಿಕೊಂಡಳು. ಬಾಗಿಲ ಬೆಳಕಿಗೆ ಕೂತು, ಒಂದೊಂದನ್ನೂ ಬಿಡಿಸಿ, ಮೊದಲಿನಿಂದ ಕೊನೆಯವರೆಗೆ ಓದಿದಳು.